ಮಗನಿಗೆ 18 ತುಂಬಿದ ಮೇಲೆ ಗಾರ್ಡಿಯನ್ ಸರ್ಟಿಫಿಕೇಟ್: ಕೋರ್ಟಿಗೇ ಹೋಗಬೇಕಾ?

ನಮಸ್ಕಾರ ಮೇಡಂ. ಆಟಿಸಂ ಇರುವ ಮಗನಿಗೆ 18 ತುಂಬಿದೆ, ಅವನ ಖಾತೆ ನೋಡಿಕೊಳ್ಳಲು ಬ್ಯಾಂಕಿನವರು ಕೋರ್ಟ್ ಆದೇಶ ಕೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಸುಮ್ನೆ ಕೋರ್ಟಿಗೆ ಅಲೆಯಬೇಡಿ.

1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇರುವುದೇ ಇಂಥವರಿಗಾಗಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇದರಲ್ಲಿ ಬರುತ್ತವೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. ‘ನಮ್ಮ ನಂತರ ಈ ಮಗುವಿಗೆ ಯಾರು?’ ಎಂದು ತಂದೆತಾಯಂದಿರು ಬಿಡದೆ ಕೇಳಿದ್ದರ ಫಲ ಇದು. ಅವರಿಗೆ ನಾವೆಲ್ಲ ಋಣಿಗಳು.

ಮಗನಿಗೆ ಗಾರ್ಡಿಯನ್, ಅಂದರೆ ಕಾನೂನುಬದ್ಧ ಪಾಲಕರನ್ನು ನೇಮಿಸಲು ಈ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ನೀವೇ ಅರ್ಜಿ ಹಾಕಬಹುದು. ಅದರಲ್ಲಿ ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವೈಕಲ್ಯ ಇರುವ ಒಬ್ಬರೂ ಇರುತ್ತಾರೆ. ಕರ್ನಾಟಕದಲ್ಲಾದರೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಸಮಿತಿ ಕೊಟ್ಟ ಸರ್ಟಿಫಿಕೇಟನ್ನು ಬ್ಯಾಂಕುಗಳು ಒಪ್ಪಬಹುದು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಮ್ಯಾನೇಜರಿಗೆ ಆ ಸುತ್ತೋಲೆ ತೋರಿಸಿ.

ಒಂದು ಮಾತು ಮಾತ್ರ ದಯವಿಟ್ಟು ಯೋಚಿಸಿ. ಗಾರ್ಡಿಯನ್ ನಿಜಕ್ಕೂ ಬೇಕಾ, ಯಾವ ಕೆಲಸಕ್ಕೆ ಬೇಕು ಎಂದು ಸಮಿತಿ ನೋಡಲೇಬೇಕು, ಕಲಂ 14 ಹಾಗೆ ಹೇಳುತ್ತದೆ. ಅಂಗಡಿಗೆ ಹೋಗಿ ತನಗೆ ಬೇಕಾದ್ದು ಕೊಳ್ಳುವ ಹುಡುಗನಾದರೆ ಆ ನಿರ್ಧಾರಗಳನ್ನು ಅವನಿಗೇ ಬಿಡಿ. ಆಸ್ತಿ, ಬ್ಯಾಂಕ್ ವ್ಯವಹಾರಕ್ಕಷ್ಟೇ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಒಲವೂ ಇದೇ, ಜಾಸ್ತಿ ಬೆಂಬಲ, ಕಡಿಮೆ ಹಿಡಿತ.

ನೇಮಕವಾದ ಆರು ತಿಂಗಳೊಳಗೆ ಅವನ ಆಸ್ತಿ, ಸಾಲಗಳ ಪಟ್ಟಿ ಕೊಡಬೇಕು, ಆಮೇಲೆ ಪ್ರತಿವರ್ಷ ಲೆಕ್ಕ. ರಸೀದಿಗಳನ್ನು ಈಗಿನಿಂದಲೇ ಎತ್ತಿಡಿ. ನ್ಯಾಷನಲ್ ಟ್ರಸ್ಟಿನ ಆರೋಗ್ಯ ವಿಮೆ ‘ನಿರಾಮಯ’ ಮಾಡಿಸಿಲ್ಲದಿದ್ದರೆ ಅದನ್ನೂ ವಿಚಾರಿಸಿ, 1 ಲಕ್ಷದವರೆಗೆ ಚಿಕಿತ್ಸೆಗೆ ಸಿಗುತ್ತದೆ.