ಜರ್ಮನಿಯ ಸಹೋದ್ಯೋಗಿ ಕೆಟಿ (ಕೆಲಸದ ತಿಳಿವಳಿಕೆಯ ಹಸ್ತಾಂತರ) ಕೊಡುತ್ತಿಲ್ಲ, ಮ್ಯಾನೇಜರ್‌ಗೆ ದೂರು ಕೊಡಲೇ?

ಕೆಲಸ ಭಾರತಕ್ಕೆ ಬರುತ್ತಿರುವ ಸಿಟ್ಟಿಗೆ ಆ ಹಿರಿಯರು ಏನನ್ನೂ ಹೇಳಿಕೊಡುತ್ತಿಲ್ಲ ಎಂದು ಬರೆದಿದ್ದೀರಿ. ದೂರು ಕೊಡಬೇಡಿ, ನಾನು ಕೊಟ್ಟು ಕೆಟ್ಟವನು.

ಕಲಬುರಗಿಯ ಸೇಡಂ ರಸ್ತೆಯ ಮನೆಯಿಂದಲೇ ನಾನು ಜರ್ಮನಿಯ ಕೆಲವು ಕಾರ್ಖಾನೆಗಳ ಸಂಬಳದ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದೆ. ಬೇಸಿಗೆಯಲ್ಲಿ ಅವರ ಬೆಳಗಿನ ಒಂಬತ್ತು ಗಂಟೆ ಎಂದರೆ ನಮಗೆ ಮಧ್ಯಾಹ್ನ ಹನ್ನೆರಡೂವರೆ. ಮೇ ತಿಂಗಳ ಆ ಉರಿಯಲ್ಲಿ, ನನಗೆ ಕೆಲಸ ಹೇಳಿಕೊಡಬೇಕಿದ್ದ ಅಲ್ಲಿನ ಸಹೋದ್ಯೋಗಿಯ ಕಾಲ್‌ಗೆ ಕಾದು ಕುಳಿತರೆ, "ಇಂದು ಆಗುವುದಿಲ್ಲ" ಎಂಬ ಒಂದು ಸಾಲು ಅವರಿಂದ ಬರುತ್ತಿತ್ತು. ಕೊನೆಗೆ ತಪ್ಪಿಹೋದ ಕಾಲ್‌ಗಳ ದಿನಾಂಕಗಳನ್ನೆಲ್ಲ ಪಟ್ಟಿ ಮಾಡಿ, ಎರಡೂ ಕಡೆಯ ಮ್ಯಾನೇಜರ್‌ಗಳನ್ನು ಸಿಸಿಯಲ್ಲಿಟ್ಟು ಮೇಲ್ ಕಳಿಸಿದೆ. ಮೇಲ್‌ನ ಭಾಷೆ ಸಭ್ಯವಾಗಿಯೇ ಇತ್ತು, ತಪ್ಪು ಅಲ್ಲಿರಲಿಲ್ಲ. ಏಕೆ ತಡವಾಗುತ್ತಿದೆ ಎಂದು ಅವರನ್ನೇ ಕೇಳದೆ, ಇದು ದ್ವೇಷವೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅಲ್ಲಿನ 1972ರ ಕಾಯ್ದೆಯಂತೆ, 20ಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ನೌಕರರು ಆರಿಸಿದ ಕಾರ್ಮಿಕ ಮಂಡಳಿ ಇದ್ದರೆ, ನೌಕರರಿಗೆ ದೊಡ್ಡ ನಷ್ಟ ತರಬಹುದಾದ ಬದಲಾವಣೆಗೆ ಮುನ್ನ ಅದಕ್ಕೆ ಪೂರ್ಣ ವಿವರ ಕೊಟ್ಟು ಚರ್ಚಿಸಬೇಕು. ಆ ಮಾತುಕತೆ ಮುಗಿಯುವವರೆಗೆ ಹಸ್ತಾಂತರ ಬೇಡವೆಂದು ಮಂಡಳಿ ಆ ಸಹೋದ್ಯೋಗಿಗೆ ಹೇಳಿತ್ತು. ನಮ್ಮ ಮ್ಯಾನೇಜರ್‌ಗೆ ಇದು ಗೊತ್ತಿತ್ತು, ನಮಗೆ ತಿಳಿಸಿರಲಿಲ್ಲ.

ಆಮೇಲೆ ಅವರು ನಾನು ಕೇಳಿದ್ದಕ್ಕಷ್ಟೇ, ಅದೂ ಟಿಕೆಟ್‌ನಲ್ಲಿ (ಕಂಪ್ಯೂಟರ್‌ನಲ್ಲಿ ದಾಖಲಾಗುವ ಕೋರಿಕೆಯಲ್ಲಿ), ಉತ್ತರಿಸತೊಡಗಿದರು. ಕೇಳಬೇಕೆಂಬುದೇ ನನಗೆ ಗೊತ್ತಿಲ್ಲದ ಸಂಗತಿಯೊಂದಿತ್ತು: ಆಗಸ್ಟ್ 8 ಇಡೀ ಜರ್ಮನಿಯಲ್ಲಿ ಆಗ್ಸ್‌ಬರ್ಗ್ ನಗರಕ್ಕೆ ಮಾತ್ರ ಸಾರ್ವಜನಿಕ ರಜೆ. ನಮ್ಮ ರಜಾಪಟ್ಟಿ ರಾಜ್ಯವಾರು ಇದ್ದುದರಿಂದ, ಆ ಒಂದು ದಿನವನ್ನು ಅವರು ಪ್ರತಿವರ್ಷ ಕೈಯಾರೆ ಸೇರಿಸುತ್ತಿದ್ದರಂತೆ. ಆ ವರ್ಷ ಯಾರೂ ಸೇರಿಸಲಿಲ್ಲ. ಅಂದು ಪಾಳಿಯಲ್ಲಿ ದುಡಿದವರಿಗೆ ರಜಾದಿನದ ಭತ್ಯೆ ಬರಲಿಲ್ಲ. ಸೆಪ್ಟೆಂಬರ್ 17 ನಮ್ಮ ಭಾಗಕ್ಕೆ ಧ್ವಜ ಹಾರಿಸುವ ದಿನ, ಮೈಸೂರಿನವರಿಗೆ ಮಾಮೂಲಿ ದಿನ ಎಂಬುದನ್ನು ನೋಡುತ್ತಲೇ ಬೆಳೆದ ನನಗಾದರೂ ಇದು ಹೊಳೆಯಬೇಕಿತ್ತು. ನನ್ನನ್ನು ಟೀಮ್ ಲೀಡ್ ಮಾಡುವ ಮಾತು ಅಲ್ಲಿಗೇ ನಿಂತಿತು.

ಅವರಿಗೆ ಸಿಟ್ಟಿದೆಯೇ ಎಂದು ನೀವು ಲೆಕ್ಕ ಹಾಕುತ್ತಿರುವುದೇ ನನಗೆ ಒಪ್ಪಿಗೆಯಿಲ್ಲ. ಇದ್ದರೆ ಇರಲಿ, ತನ್ನ ಹುದ್ದೆ ಹೋಗುವುದಕ್ಕೆ ತಾನೇ ಪಾಠ ಹೇಳಿಕೊಡಬೇಕಾದವರಿಂದ ಉತ್ಸಾಹವನ್ನೂ ನಿರೀಕ್ಷಿಸುವುದು ಅನ್ಯಾಯ. ಕಾರ್ಮಿಕ ಮಂಡಳಿಯ ಮಾತುಕತೆ ಎಲ್ಲಿಗೆ ಬಂತೆಂದು ನಿಮ್ಮ ಮ್ಯಾನೇಜರ್‌ಗೆ ಬರೆದು ಕೇಳಿ, ಉತ್ತರ ಬರುವವರೆಗೆ ಯಾವ ಗಡುವಿಗೂ ಒಪ್ಪಬೇಡಿ. ಆ ಹಿರಿಯರ ಬಳಿ ದಾಖಲೆಪತ್ರಗಳಿಗಾಗಿ ಬೆನ್ನು ಬೀಳುವುದನ್ನು ಬಿಟ್ಟು, ವರ್ಷದ ಯಾವ ಯಾವ ದಿನ ಅವರು ಕೈಯಾರೆ ಏನೇನು ತಿದ್ದುತ್ತಾರೆ ಎಂಬುದನ್ನು ಕೇಳಿ ಬರೆದುಕೊಳ್ಳಿ.