ಕಾಣದ ಚಿತ್ರ: ಮೊದಲು ವಿಳಾಸ ಓದಿ

ಈ ಸಲವೂ ವೆಬ್‌ಸೈಟಿನಲ್ಲಿ ಚಿತ್ರ ಕಾಣದ ದೂರುಗಳೇ ಜಾಸ್ತಿ. ಅಪ್‌ಲೋಡ್ ಮಾಡುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ, ಅದು ನಿಮಗೆ ಗೊತ್ತಿದೆ.

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ಪುಟ ತೆರೆದರೆ ಫೋಟೋಗಳೆಲ್ಲ ಕಾಣುತ್ತವೆ. ಸರ್ವರಿಗೆ ಹಾಕಿದ ಮೇಲೆ ಅರ್ಧದಷ್ಟು ಕಾಣುವುದಿಲ್ಲ. ಸರ್ವರ್ ಫೋಟೋ ಹಾಳುಮಾಡುತ್ತಿದೆಯೇ? ಫೋಲ್ಡರಿಗೆ 777 ಅನುಮತಿ ಕೊಡಿ ಅಂತ ಒಬ್ಬರು ಹೇಳಿದರು. ಕೊಡಲೇ?

ಉತ್ತರ: ಬೇಡ. ಈ 777 ಮದ್ದು ಹಂಚುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಆ ಸರ್ವರಿನಲ್ಲಿರುವ ಯಾವ ಬಳಕೆದಾರ ಬೇಕಾದರೂ ನಿಮ್ಮ ಫೋಲ್ಡರಿನಲ್ಲಿ ಬರೆಯಬಹುದು, ಅಳಿಸಬಹುದು ಅಂತ ಅದರ ಅರ್ಥ. ಚಿತ್ರ ತೋರಿಸಲು ಓದುವ ಅನುಮತಿ ಸಾಕು. ಸಾಮಾನ್ಯವಾಗಿ ಫೈಲಿಗೆ 644, ಫೋಲ್ಡರಿಗೆ 755. ಇವುಗಳಲ್ಲಿ ಬರೆಯುವ ಹಕ್ಕು ಒಡೆಯರಿಗೆ ಮಾತ್ರ. ಈಗಾಗಲೇ 777 ಕೊಟ್ಟಿದ್ದರೆ ಇವತ್ತೇ ತೆಗೆಯಿರಿ.

ನಿಮ್ಮ ಫೋಟೋಗಳು ಹಾಳಾಗಿಲ್ಲ. ಅರ್ಧ ಕಾಣುತ್ತವೆ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಕಾಣದ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ, ಹೊಸ ಟ್ಯಾಬಿನಲ್ಲಿ ತೆರೆಯಿರಿ. ಅಲ್ಲಿ 403 ಅನ್ನುವ ದೋಷ ಸಂಖ್ಯೆ ಬಂದರೆ ಸರ್ವರ್ ಕೊಡಲು ಒಪ್ಪುತ್ತಿಲ್ಲ. ಅನುಮತಿಯ ಕಡೆ ನೋಡಬೇಕಾದ್ದು ಆಗ ಮಾತ್ರ. 404 ಬಂದರೆ ಆ ವಿಳಾಸದಲ್ಲಿ ಫೈಲೇ ಇಲ್ಲ. ನನ್ನ ಹತ್ತಿರ ಬರುವ ದೂರುಗಳಲ್ಲಿ ಬಹುಪಾಲು ಇದೇ.

ಈಗ ವಿಳಾಸವನ್ನು ಒಂದೊಂದೇ ಅಕ್ಷರ ಓದಿ. ಎಷ್ಟೋ ಕ್ಯಾಮೆರಾಗಳು ಹೆಸರಿನ ಕೊನೆಯ ಜೆಪಿಜಿಯನ್ನು ಕ್ಯಾಪಿಟಲ್ ಅಕ್ಷರದಲ್ಲಿ ಬರೆಯುತ್ತವೆ. ಪುಟದಲ್ಲಿ ನೀವು ಸ್ಮಾಲ್ ಅಕ್ಷರದಲ್ಲಿ ಟೈಪ್ ಮಾಡಿರುತ್ತೀರಿ. ವಿಂಡೋಸ್‌ಗೆ ಎರಡೂ ಒಂದೇ. ಮ್ಯಾಕ್ ಕೂಡ ಸಾಮಾನ್ಯವಾಗಿ ಭೇದ ಮಾಡುವುದಿಲ್ಲ. ಲಿನಕ್ಸ್ ಸರ್ವರಿಗೆ ಮಾತ್ರ ಅವು ಬೇರೆ ಬೇರೆ ಫೈಲುಗಳು. ಮನೆಯಲ್ಲಿ ಕಂಡದ್ದು ಅಲ್ಲಿ ಕಾಣದಿರುವುದು ಇದಕ್ಕೇ. ಎಲ್ಲ ಹೆಸರುಗಳನ್ನೂ ಸ್ಮಾಲ್ ಅಕ್ಷರಕ್ಕೆ ತನ್ನಿ. ನಡುವೆ ಖಾಲಿ ಜಾಗ ಬಿಡಬೇಡಿ, ಅಡ್ಡಗೆರೆ (-) ಹಾಕಿ. ಪುಟದೊಳಗೂ ಅದೇ ಹೆಸರು ಬರೆಯಿರಿ.

ಹೆಸರು ಸರಿಯಿದ್ದರೆ ಫೈಲಿನ ದಾರಿ, ಅಂದರೆ ಪುಟದಲ್ಲಿ ಹೆಸರಿನ ಮುಂಚೆ ಬರೆದ ಫೋಲ್ಡರುಗಳ ಸಾಲು, ಪರೀಕ್ಷಿಸಿ. ಅದು ಸಿ ಡ್ರೈವಿನಿಂದ ಶುರುವಾಗಿದೆಯೇ? ಆ ದಾರಿ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇದೆ, ಓದುಗರ ಬಳಿ ಇಲ್ಲ. ಓರೆಗೆರೆಯಿಂದ (/) ಶುರುವಾದ ದಾರಿಯನ್ನು ಬ್ರೌಸರ್ ಸೈಟಿನ ಬುಡದಿಂದ ಹುಡುಕುತ್ತದೆ. ಓರೆಗೆರೆ ಇಲ್ಲದಿದ್ದರೆ ಪುಟ ಇರುವ ಫೋಲ್ಡರಿನಿಂದ ಹುಡುಕುತ್ತದೆ. ಪುಟವನ್ನು ಒಳಗಿನ ಫೋಲ್ಡರಿಗೆ ಸರಿಸಿದ ದಿನವೇ ಚಿತ್ರಗಳು ಹೋದವು ಅನ್ನುವವರು ಇದನ್ನೇ ನೋಡಬೇಕು.

ಒಂದು ಮಾತು. ಏನನ್ನೇ ಮುಟ್ಟುವ ಮುಂಚೆ ಇಡೀ ಸೈಟಿನ ಒಂದು ಪ್ರತಿ ಬೇರೆ ಕಡೆ ಇಡಿ. ಅವಸರದಲ್ಲಿ ಹೆಸರು ಬದಲಿಸಿ ಒಂದರ ಮೇಲೊಂದು ಫೈಲ್ ಬರೆದು ಮೂಲ ಫೋಟೋಗಳನ್ನೇ ಕಳೆದುಕೊಂಡವರನ್ನು ನೋಡಿದ್ದೇನೆ. ಅವರಿಗೆ ಏನೂ ಸಹಾಯ ಮಾಡಲಾಗಲಿಲ್ಲ.

ಪ್ರಶ್ನೆ: ಐಫೋನಿನ ಫೋಟೋ ಕ್ರೋಮ್‌ನಲ್ಲಿ ಕಾಣುತ್ತಿಲ್ಲ. ಹೆಸರಿನ ಕೊನೆಗೆ ಜೆಪಿಜಿ ಅಂತ ಬದಲಿಸಿದರೂ ಇಲ್ಲ.

ಉತ್ತರ: ಹೆಸರು ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ. 2017ರ ಐಓಎಸ್ 11ರಿಂದ ಐಫೋನ್‌ಗಳು ಫೋಟೋವನ್ನು ಎಚ್‌ಇಐಸಿ ರೂಪದಲ್ಲಿ ಉಳಿಸಲು ಶುರುಮಾಡಿದವು. ಕ್ರೋಮ್ ಅದನ್ನು ತೋರಿಸುವುದಿಲ್ಲ. ಫೋಟೋ ಆ್ಯಪ್‌ನಲ್ಲಿ ತೆರೆದು ಜೆಪಿಜಿ ಆಗಿ ಎಕ್ಸ್‌ಪೋರ್ಟ್ ಮಾಡಿ.

ಪ್ರಶ್ನೆ: ನನಗೆ ಕಾಣುತ್ತದೆ, ಬೇರೆಯವರಿಗೆ ಕಾಣುವುದಿಲ್ಲ. ಯಾಕೆ?

ಉತ್ತರ: ನಿಮಗೆ ಕಾಣುತ್ತಿರುವುದು ಬ್ರೌಸರ್ ಉಳಿಸಿಕೊಂಡ ಹಳೆಯ ಪ್ರತಿ ಇರಬಹುದು, ಇಲ್ಲವೇ ನೀವು ಲಾಗಿನ್ ಆಗಿರಬಹುದು. ಹಳೆಯ ಪ್ರತಿ, ಲಾಗಿನ್ ಎರಡನ್ನೂ ಬಳಸದ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ.

ಪ್ರಶ್ನೆ: ಮುರಿದ ಚಿತ್ರಗಳನ್ನೆಲ್ಲ ಒಂದೇ ಸಲ ಸರಿಮಾಡುವ ಪ್ಲಗಿನ್ (ಸೈಟಿಗೆ ಸೇರಿಸುವ ಪುಟ್ಟ ತಂತ್ರಾಂಶ) ಯಾವುದು?

ಉತ್ತರ: ಯಾವುದೂ ಇಲ್ಲ. ಹಾಗೆ ಹೇಳಿ ದುಡ್ಡು ಕೇಳುವವರಿಗೆ ಸುಮ್ನೆ ಕೊಡಬೇಡಿ. ಇಲ್ಲದ ಫೈಲನ್ನು ಪ್ಲಗಿನ್ ಹುಟ್ಟಿಸಲಾರದು.

ಪ್ರಶ್ನೆ: ಬೇರೆ ಸೈಟಿನ ಚಿತ್ರಕ್ಕೆ ನೇರ ಲಿಂಕ್ ಕೊಟ್ಟಿದ್ದೆ. ವರ್ಷಗಟ್ಟಲೆ ಕಂಡಿತು, ಈಗ ಇಲ್ಲ.

ಉತ್ತರ: ಅದು ಅವರ ಫೈಲ್. ಅಳಿಸಬಹುದು, ತಡೆಯಬಹುದು. 2017ರಲ್ಲಿ ಫೋಟೋ ಇಡುವ ಸೈಟಾದ ಫೋಟೋಬಕೆಟ್ ಹೀಗೆ ಹೊರಗೆ ಚಿತ್ರ ತೋರಿಸುವುದಕ್ಕೆ ದುಬಾರಿ ಶುಲ್ಕ ಹಾಕಿದಾಗ ಲೆಕ್ಕವಿಲ್ಲದಷ್ಟು ಹಳೆಯ ಪುಟಗಳು ಬೋಳಾದವು. ಚಿತ್ರ ನಿಮ್ಮದೇ ಆಗಿದ್ದರೆ ನಿಮ್ಮ ಸರ್ವರಿನಲ್ಲೇ ಇಡಿ. ಅವರದ್ದಾಗಿದ್ದರೆ ಮೊದಲು ಅವರನ್ನು ಕೇಳಿ.