ಭತ್ಯೆ ಬೇಡವೆಂದ ಹೊಲಿಗೆ ಕಾರ್ಮಿಕೆ

ಕೆಲಸ ಕಳೆದುಕೊಂಡು ನಿದ್ದೆ ಬಾರದೆ, ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರಿಗೆ ತಮಗೆ ಸಲ್ಲಬೇಕಾದ ಪರಿಹಾರವೊಂದಿದೆ ಎಂಬುದೇ ತಿಳಿದಿರುವುದಿಲ್ಲ. ತಿಳಿದವರಲ್ಲಿಯೂ ಕೆಲವರು ಅದನ್ನು ಕೇಳಲು ಹೋಗುವುದಿಲ್ಲ. ಈ ಎರಡನೆಯ ಬಗೆಯವರನ್ನು ಮತ್ತೆ ಮತ್ತೆ ಕಾಣುತ್ತಿರುವುದರಿಂದ ಅವರಲ್ಲೊಬ್ಬರ ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ದಾಖಲಿಸುತ್ತಿದ್ದೇನೆ.

ನಲವತ್ತರ ಆಸುಪಾಸಿನ ಆಕೆ ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಬಹುಕಾಲ ಟೈಲರ್ ಆಗಿದ್ದವರು. ಘಟಕವನ್ನು ಮುಚ್ಚಿ ಬೇರೆ ಊರಿಗೆ ಸಾಗಿಸಿದಾಗ ಅವರ ಬ್ಯಾಚಿನವರೆಲ್ಲರ ಕೆಲಸ ಹೋಯಿತು. ಊಟ ಸೇರುತ್ತಿರಲಿಲ್ಲ, ಮಕ್ಕಳ ಮೇಲೆ ಸಿಡುಕು ಹೆಚ್ಚಿತ್ತು, ಮನೆ ಬಾಡಿಗೆ ಬಾಕಿಯಿತ್ತು.

ನೌಕರರ ರಾಜ್ಯ ವಿಮಾ (ಇ.ಎಸ್.ಐ.) ನಿಗಮವು 2018ರ ಜುಲೈ 1ರಿಂದ ಜಾರಿಗೆ ತಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯ ವಿಷಯವನ್ನು ನಾನು ಪ್ರಸ್ತಾಪಿಸಿದೆ. ಕೆಲಸ ಕಳೆದುಕೊಂಡ ವಿಮಾದಾರರಿಗೆ ಸರಾಸರಿ ದಿನಗೂಲಿಯ ಒಂದು ಪಾಲನ್ನು ಗರಿಷ್ಠ 90 ದಿನಗಳವರೆಗೆ, ಜೀವಿತಾವಧಿಯಲ್ಲಿ ಒಮ್ಮೆ ಕೊಡುವ ಯೋಜನೆಯಿದು. ಮೊದಲು ಶೇ. 25ರಷ್ಟಿದ್ದ ಈ ಪಾಲನ್ನು 2020ರಲ್ಲಿ ಶೇ. 50ಕ್ಕೆ ಏರಿಸಿ, ಮಾಲೀಕರ ಮೂಲಕವೇ ಅರ್ಜಿ ಹೋಗಬೇಕೆಂಬ ನಿಯಮವನ್ನೂ ಸಡಿಲಿಸಿದರು. ಆಕೆಗೆ ಇದು ಗೊತ್ತಿತ್ತು. ಆದರೆ ತಮಗೆ ಬೇಡವೆಂದರು.

ಸಂಕೋಚವಿರಬಹುದೆಂದು ಭಾವಿಸಿ, ಅವರ ಸಂಬಳದ ಚೀಟಿಯನ್ನೇ ಮುಂದಿಟ್ಟು ವಿವರಿಸಿದೆ: ಪ್ರತಿ ತಿಂಗಳೂ ಅವರ ಸಂಬಳದಿಂದ ಶೇ. 0.75 ಇ.ಎಸ್.ಐ.ಗೆ ಕಡಿತವಾಗಿದೆ, ಮಾಲೀಕರು ಶೇ. 3.25 ಕಟ್ಟಿದ್ದಾರೆ, ಆದ್ದರಿಂದ ಇದು ದಾನವಲ್ಲ, ವಿಮೆ. ಆಕೆ ಸಮಾಧಾನವಾಗಿ ಕೇಳಿಸಿಕೊಂಡು ಹೇಳಿದ ಮಾತು ಹೀಗಿತ್ತು:

"ಬಿಟ್ಟಿ ದುಡ್ಡು ಅಂತ ನಾನೆಲ್ಲಿ ಅಂದೆ ಮೇಡಂ? ಗೃಹಲಕ್ಷ್ಮಿ ಎರಡು ಸಾವಿರ ತಗೊಳ್ತೀನಿ. ಅದು ಮನೆ ನಡೆಸೋಳಿಗೆ ಕೊಡೋದು. ಇದು ಕೆಲಸ ಇಲ್ದೋಳಿಗೆ ಕೊಡೋದು. ಸೈನ್ ಹಾಕಿದ್ರೆ, ನಾನು ಕೆಲಸಕ್ಕೆ ಬಾರದೋಳು ಅಂತ ನಾನೇ ಬರ್ಕೊಟ್ಟ ಹಾಗಾಯ್ತಲ್ಲ?"

ಹಣ ಪಡೆಯುವುದರಲ್ಲಿ ಆಕೆಗೆ ನಾಚಿಕೆಯಿರಲಿಲ್ಲ. ಕಾರ್ಖಾನೆಯ ತೀರ್ಮಾನವೊಂದನ್ನು ತಮ್ಮ ಯೋಗ್ಯತೆಯ ಮೇಲಿನ ತೀರ್ಪೆಂದು ಅವರು ತಿಳಿದಿದ್ದರು. ಅರ್ಜಿಯ ಮಾತನ್ನು ಅಲ್ಲಿಗೇ ನಿಲ್ಲಿಸಿ, ಕೊನೆಯ ವಾರದಲ್ಲಿ ಅಲ್ಲಿ ಏನೇನು ನಡೆಯಿತೆಂಬುದನ್ನು ಅವರ ಕೈಯಲ್ಲೇ ಬರೆಸಿದೆ. ಯಾವ ಯಂತ್ರಗಳನ್ನು ಮೊದಲು ಸಾಗಿಸಿದರು, ಯಾವ ಬ್ಯಾಚನ್ನು ಮೊದಲು ನಿಲ್ಲಿಸಿದರು ಎಂದೆಲ್ಲ ಬರೆಯುತ್ತಾ ಬಂದವರು, ದಿನವೂ ಟಾರ್ಗೆಟ್ ಮುಗಿಸಲಿಲ್ಲವೆಂದು ತಮ್ಮನ್ನು ಬೈಯುತ್ತಿದ್ದ ಸೂಪರ್‌ವೈಸರನ್ನೂ ಅದೇ ದಿನ ಮನೆಗೆ ಕಳುಹಿಸಿದ್ದರೆಂದು ಬರೆದು, ಪೆನ್ನು ಕೆಳಗಿಟ್ಟು ನಕ್ಕರು. ಅರ್ಜಿ ಹಾಕುವ ಮಾತನ್ನು ಮುಂದಿನ ಭೇಟಿಯಲ್ಲಿ ಅವರೇ ಎತ್ತಿದರು.

ಸೌಲಭ್ಯಗಳ ಮಾಹಿತಿ ಕೊಡುವುದು ಆಪ್ತಸಲಹೆಗಾರರ ಕೆಲಸವಲ್ಲವೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದುಂಟು. ನಾನು ಒಪ್ಪುವುದಿಲ್ಲ. ಬಾಡಿಗೆ ಬಾಕಿಯಿಂದ ನಿದ್ದೆ ಕೆಟ್ಟವರಿಗೆ ಉಸಿರಾಟದ ಅಭ್ಯಾಸವನ್ನಷ್ಟೇ ಹೇಳಿಕೊಟ್ಟು ಕಳುಹಿಸಿದರೆ, ದೋಷ ಅವರ ಮನಸ್ಸಿನಲ್ಲೇ ಇದೆಯೆಂಬುದಕ್ಕೆ ನಾವೂ ಸಾಕ್ಷಿ ನುಡಿದಂತಾಗುತ್ತದೆ.

ಆಕೆಗೆ ನಾನು ಕೊಟ್ಟ ಇನ್ನೊಂದು ಸಲಹೆ, ಮೊದಲು ಸಿಕ್ಕ ಕೆಲಸಕ್ಕೆ ಧಾವಿಸಬಾರದೆಂಬುದು. ಪೀಸ್ ಲೆಕ್ಕದಲ್ಲಿ ಮನೆಗೇ ತಂದುಕೊಡುವ ಹೊಲಿಗೆ ಕೆಲಸ ಆಗಲೇ ಬಾಗಿಲಿಗೆ ಬಂದಿತ್ತು, ಅದರಲ್ಲಿ ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ. ಭತ್ಯೆಯಾಗಿ ಬರುವ ಅರ್ಧ ಕೂಲಿಯಲ್ಲಿ ಸಂಸಾರ ನಡೆಯದೆಂಬುದು ನಿಜವಾದರೂ, ಇವೆರಡೂ ಇರುವ ಕಾರ್ಖಾನೆಯನ್ನು ಹುಡುಕುವಷ್ಟು ಕಾಲಾವಕಾಶವನ್ನು ಅದು ಒದಗಿಸುತ್ತದೆ. ಹೊಸ ಕಡೆ ಸೇರುವಾಗ ಹಳೆಯ ಇ.ಎಸ್.ಐ. ಸಂಖ್ಯೆಯನ್ನೇ ಕೊಡಬೇಕೆಂದು ಒತ್ತಿ ಹೇಳಿದೆ. ಹೊಸ ಸಂಖ್ಯೆ ಮಾಡಿಸಿಕೊಂಡರೆ ಇದುವರೆಗೆ ಕಟ್ಟಿದ ಚಂದಾದ ಲೆಕ್ಕ ಅದರೊಂದಿಗೆ ಸೇರದೆ ಹೋಗುತ್ತದೆ.

ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿರುವುದರಿಂದ ಅರ್ಜಿಗೆ ಮುನ್ನ ಇ.ಎಸ್.ಐ. ಶಾಖಾ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಸ್ವಯಂ ನಿವೃತ್ತಿ ಪಡೆದವರಿಗೆ ಇದು ಸಿಗುವುದಿಲ್ಲ. ಹಾಗಾಗಿ ಘಟಕ ಮುಚ್ಚುವಾಗ ಮುಂದೊಡ್ಡುವ ಯಾವುದೇ ಕಾಗದಕ್ಕೆ ಓದದೆ, ಓದಿಸಿ ಕೇಳದೆ, ಸಹಿ ಹಾಕಬೇಡಿರೆಂದು ಅದೇ ಬ್ಯಾಚಿನಿಂದ ಆಮೇಲೆ ಬಂದವರಿಗೂ ಹೇಳಿದ್ದೇನೆ. ಅವರಲ್ಲಿ ಇಬ್ಬರು ಅಷ್ಟರಲ್ಲಾಗಲೇ ಸಹಿ ಹಾಕಿಯಾಗಿತ್ತು. ಅವರನ್ನು ಕಾರ್ಮಿಕ ಸಂಘದವರ ಬಳಿಗೆ ಕಳುಹಿಸಿದೆ.